ಮೀನಖಂಡ, ಮಂಡಿಚಿಪ್ಪು, ಬೆನ್ನುಹುರಿ: ಚಿತ್ರ ಬರೆದು ಮೈ ಕಲಿತವರ ಕತೆ

ಮಂಡಿಗೂ ಹಿಮ್ಮಡಿಗೂ ನಡುವೆ, ಕಾಲಿನ ಹಿಂದುಗಡೆ ಉಬ್ಬಿಕೊಂಡಿರುವ ಮಾಂಸಕ್ಕೆ ಮೀನಖಂಡ ಅನ್ನುತ್ತೇವೆ. ದಿನವೆಲ್ಲ ತೆಂಗಿನಮರ ಹತ್ತಿ ಇಳಿದವರಿಗೆ ರಾತ್ರಿ ಹಿಡಿದುಕೊಳ್ಳುವುದು ಅದೇ. ಅದಕ್ಕೆ ಮೀನಿನ ಹೆಸರು ಯಾಕೆ ಬಂತು? ತುದಿಗಾಲಲ್ಲಿ ನಿಂತು ಅಲ್ಲಿ ಕೈ ಇಟ್ಟು ನೋಡಿ. ಮೇಲೆ ದಪ್ಪ, ಕೆಳಕ್ಕೆ ಬರುತ್ತಾ ಸಣ್ಣ, ಕೊನೆಗೆ ಬಾಲದ ಹಾಗೆ ಹಿಮ್ಮಡಿಗೆ ಹೋಗಿ ಸೇರಿಕೊಳ್ಳುತ್ತದೆ. ಯಾರೋ ಹಿಂದಿನವರು ಕಾಲನ್ನೂ ಕೆರೆಯ ಮೀನನ್ನೂ ಸರಿಯಾಗಿ ನೋಡಿ ಇಟ್ಟ ಹೆಸರು.

1914ರಲ್ಲಿ ಕಲ್ಕತ್ತೆಯಲ್ಲಿ ಒಂದು ಚಿಕ್ಕ ಇಂಗ್ಲಿಷ್ ಪುಸ್ತಕ ಅಚ್ಚಾಯಿತು. ಭಾರತದ ಶಿಲ್ಪಿಗಳು, ಚಿತ್ರಗಾರರು ಮನುಷ್ಯನ ಮೈಯನ್ನು ಹೇಗೆ ಕಲಿಯುತ್ತಿದ್ದರು ಅನ್ನುವುದೇ ಅದರ ವಿಷಯ. ಅದರಲ್ಲಿಯೂ ಮಂಡಿಯ ಕೆಳಗಿನ ಕಾಲಿಗೆ ಮೊಟ್ಟೆ ತುಂಬಿದ ಮೀನನ್ನೇ ಹೋಲಿಸಿದ್ದಾರೆ. ಬರೆದವರು ಅಬನೀಂದ್ರನಾಥ ಠಾಕೂರ್, ವರಸೆಯಲ್ಲಿ ರವೀಂದ್ರನಾಥ ಠಾಕೂರರಿಗೆ ಅಣ್ಣನ ಮಗ. ಬಂಗಾಳಿಯಿಂದ ಇಂಗ್ಲಿಷಿಗೆ ತಂದವರು ಸುಕುಮಾರ್ ರೇ, ಸಿನಿಮಾದ ಸತ್ಯಜಿತ್ ರೇ ಅವರ ತಂದೆ. ಚಿತ್ರಗಳನ್ನು ಬಿಡಿಸಿದ್ದು ಅಬನೀಂದ್ರನಾಥರ ಇಬ್ಬರು ಶಿಷ್ಯರು. ಒಬ್ಬರು ನಂದಲಾಲ್ ಬೋಸ್. ಮುಂದೆ ನಮ್ಮ ಸಂವಿಧಾನದ ಕೈಬರಹದ ಪ್ರತಿಯನ್ನು ಚಿತ್ರಗಳಿಂದ ಅಲಂಕರಿಸಿದವರು ಅವರೇ. ಇನ್ನೊಬ್ಬರು ನಮ್ಮ ಮೈಸೂರಿನ ಕೆ. ವೆಂಕಟಪ್ಪ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಅಂತ ಬೋರ್ಡು ನೋಡಿರುತ್ತೀರಿ, ಆ ವೆಂಕಟಪ್ಪ. 1886ರಲ್ಲಿ ಹುಟ್ಟಿದವರು, ತಲೆತಲಾಂತರದಿಂದ ಚಿತ್ರ ಬರೆಯುತ್ತಿದ್ದ ಚಿತ್ರಗಾರರ ಮನೆತನದವರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋದರು. ವಾಪಸು ಬಂದಮೇಲೆ ಊಟಿಯ ಬೆಟ್ಟ, ಮಂಜಿನ ಜಲವರ್ಣ ಚಿತ್ರಗಳಿಗೆ ಹೆಸರಾದರು, ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಚಿತ್ರ ಮಾಡಿದರು, ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತರು. ಅವರ ಬಗ್ಗೆ ಬರೆಯುವವರು ಊಟಿಯ ಚಿತ್ರಗಳ ಮೇಲೆಯೇ ನಿಂತುಬಿಡುತ್ತಾರೆ. ಶಿಷ್ಯನಾಗಿದ್ದಾಗ ಗುರುವಿಗೋಸ್ಕರ ಬಿಡಿಸಿಕೊಟ್ಟ ಈ ಮೈಯ ಪಾಠದ ಚಿತ್ರಗಳನ್ನು ನೆನೆಯುವವರು ಕಡಿಮೆ. ನಮಗೆ ಅವೇ ಹೆಚ್ಚು ಹತ್ತಿರ ಅನ್ನಿಸಿದವು. ಯಾಕೆ ಅಂತ ಮುಂದೆ ಹೇಳುತ್ತೇವೆ.

ಆ ಕಾಲಕ್ಕೆ ಇಂಗ್ಲಿಷರು ಕಟ್ಟಿದ ಕಲಾಶಾಲೆಗಳಲ್ಲಿ ಪಾಠ ಹೀಗಿತ್ತು. ಗ್ರೀಕ್ ವಿಗ್ರಹಗಳ ಪ್ಲಾಸ್ಟರ್ ಅಚ್ಚು ಎದುರಿಗೆ ಇಡುವುದು, ಹುಡುಗರು ಅದನ್ನು ನೋಡಿ ನೆರಳು ಬೆಳಕಿನ ಸಮೇತ ಪೆನ್ಸಿಲ್ಲಿನಲ್ಲಿ ಇಳಿಸುವುದು. ಯಾವ ಮೂಳೆ ಎಲ್ಲಿ ಎದ್ದಿದೆ, ಯಾವ ಸ್ನಾಯು ಎಲ್ಲಿ ಉಬ್ಬಿದೆ ಅನ್ನುವುದು ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಆದರೆ ಅದರ ಜೊತೆ ಇನ್ನೊಂದು ಮಾತೂ ತಲೆಗೆ ಇಳಿಯುತ್ತಿತ್ತು. ನಮ್ಮ ಗುಡಿಯ ವಿಗ್ರಹಗಳಲ್ಲಿ ಸ್ನಾಯು ಇಲ್ಲ, ಮೂಳೆ ಇಲ್ಲ, ಇವರಿಗೆ ಮೈಯ ರಚನೆಯೇ ಗೊತ್ತಿರಲಿಲ್ಲ ಎಂಬ ಮಾತು. ಕಲ್ಕತ್ತೆ ಶಾಲೆಯ ಪ್ರಿನ್ಸಿಪಾಲರಾಗಿದ್ದ ಇ.ಬಿ. ಹ್ಯಾವೆಲ್ ಇಂಗ್ಲಿಷರೇ ಆದರೂ ಇದನ್ನು ಒಪ್ಪಲಿಲ್ಲ. ಗ್ಯಾಲರಿಯಲ್ಲಿದ್ದ ಯುರೋಪಿನ ಚಿತ್ರಗಳನ್ನು ತೆಗೆಸಿ ಭಾರತದ ಚಿತ್ರಗಳನ್ನು ಇಡಿಸಿದರು. ಆಗ ತಿರುಗಿ ಬಿದ್ದವರು ಯಾರು ಗೊತ್ತೆ? ನಮ್ಮ ವಿದ್ಯಾರ್ಥಿಗಳೇ. ಒಳ್ಳೆಯ ವಿದ್ಯೆ ಕಿತ್ತುಕೊಂಡು ಹಳೇದನ್ನು ತಲೆಗೆ ಕಟ್ಟುತ್ತಿದ್ದಾರೆ ಅಂತ ಅವರ ಸಿಟ್ಟು. ಇವತ್ತು ಕನ್ನಡ ಮಾಧ್ಯಮದ ಬಗ್ಗೆ ಊರಲ್ಲಿ ನಡೆಯುವ ಜಗಳ ನೆನಪಾದರೆ ತಪ್ಪಿಲ್ಲ.

ಹಾಗಾದರೆ ನಮ್ಮವರಿಗೆ ಮೈಯ ಪಾಠ ಇತ್ತೆ, ಇದ್ದರೆ ಅದು ಹೇಗಿತ್ತು ಎಂಬ ಪ್ರಶ್ನೆಗೆ 1914ರ ಆ ಪುಸ್ತಕ ಒಂದು ಉತ್ತರ.

ಅದರ ಪುಟ ತಿರುವಿದರೆ ಚಿಕ್ಕನಾಯಕನಹಳ್ಳಿ ಕಡೆಯ ಒಂದು ತೋಟದೊಳಗೆ ನಡೆದ ಹಾಗಾಗುತ್ತದೆ. ಮುಖಕ್ಕೆ ಕೋಳಿಮೊಟ್ಟೆ, ಇಲ್ಲವೇ ವೀಳ್ಯದೆಲೆ. ಹುಬ್ಬಿಗೆ ಬೇವಿನ ಎಲೆ. ಮೂಗಿಗೆ ಎಳ್ಳಿನ ಹೂ, ಇಲ್ಲವೇ ಗಿಣಿಯ ಕೊಕ್ಕು. ತುಟಿಗೆ ತೊಂಡೆಹಣ್ಣು. ಗಲ್ಲಕ್ಕೆ ಮಾವಿನ ವಾಟೆ. ಕತ್ತಿನ ಗೆರೆಗಳಿಗೆ ಶಂಖ. ಮೊಣಕೈಯಿಂದ ಕೆಳಗಿನ ಕೈಗೆ ಎಳೆಯ ಬಾಳೆಗಿಡ, ಬೆರಳಿಗೆ ಕಾಳು ತುಂಬಿದ ಕಾಯಿ, ತೊಡೆಗೆ ಬಾಳೆದಿಂಡು. ಮಂಡಿಗೆ ಏಡಿಯ ಚಿಪ್ಪು. ಎಲ್ಲಕ್ಕಿಂತ ನಮಗೆ ಹಿಡಿಸಿದ್ದು ಗಂಡಸಿನ ಮುಂಡದ ಹೋಲಿಕೆ. ಕತ್ತಿನ ಬುಡದಿಂದ ಕಿಬ್ಬೊಟ್ಟೆಯ ತನಕ ಎದುರಿಗಿನಿಂದ ನೋಡಿದರೆ ಹಸುವಿನ ಮುಖ! ಭುಜಗಳ ಅಗಲವೇ ಹಸುವಿನ ಅಗಲವಾದ ಹಣೆ, ಕೆಳಕ್ಕೆ ಕಿರಿದಾಗುವ ಹೊಟ್ಟೆಯೇ ಮೂತಿ. ಮನೆಯಲ್ಲಿ ದನ ಕಟ್ಟಿದವರು ಯಾರೇ ಆಗಲಿ, ಈ ಒಂದು ಮಾತು ಕೇಳಿದ ಮೇಲೆ ಎದೆ, ಹೊಟ್ಟೆಯ ಪ್ರಮಾಣವನ್ನು ಮರೆಯಲಾರರು.

ಇವು ಕವಿಗಳ ಮಾತಲ್ಲವೇ ಅಂತ ಯಾರಾದರೂ ಕೇಳಬಹುದು. ಹೌದು, ಕಾವ್ಯದಲ್ಲೂ ಇವೇ ಬರುತ್ತವೆ. ಉಪಮೆ, ಅಲಂಕಾರಗಳ ಬಗ್ಗೆ ಕನ್ನಡದಲ್ಲಿ ಎಲ್ಲರೂ ಓದುವ ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ತೀ.ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರೇ. ಆದರೆ ಕವಿಗೆ ಹೋಲಿಕೆ ಬೇಕಾದದ್ದು ಹೊಗಳುವುದಕ್ಕೆ. ಉಳಿ ಹಿಡಿದವನಿಗೆ ಬೇಕಾದದ್ದು ಆಕಾರ ತಪ್ಪದಿರುವುದಕ್ಕೆ. ಓದು ಬಾರದ ಹುಡುಗನನ್ನು ಕೂರಿಸಿಕೊಂಡು ‘ಮೂಗಿನ ಕೆಳಭಾಗ ಇಷ್ಟು ಅಗಲ, ಹೊಳ್ಳೆ ಇಷ್ಟು ಬಾಗು’ ಅಂತ ಹೇಳುತ್ತಾ ಹೋದರೆ ಅವನಿಗೆ ಏನೂ ಹತ್ತುವುದಿಲ್ಲ. ‘ಎಳ್ಳಿನ ಹೂ ನೋಡಿದ್ದೀಯಲ್ಲ, ಹಾಗೆ’ ಅಂದರೆ ಸಾಕು. ಅವನ ಕಣ್ಣಿಗೆ ಅದು ಮೊದಲೇ ಗೊತ್ತು.

ಶಾಸ್ತ್ರ ಇದ್ದದ್ದು ಕೈಕಟ್ಟುವುದಕ್ಕಲ್ಲ ಎಂದೂ ಅಬನೀಂದ್ರನಾಥರು ಅಲ್ಲೇ ಹೇಳಿಬಿಡುತ್ತಾರೆ. ಪೂಜೆಯ ಮೂರ್ತಿಗೆ ಲೆಕ್ಕ ಬೇಕು, ಕಲಿಯುವ ಹುಡುಗನಿಗೆ ಊರುಗೋಲು ಬೇಕು. ಕಾಲು ಗಟ್ಟಿಯಾದವನು ಅದನ್ನು ಬಿಟ್ಟು ನಡೆಯಬಹುದು ಎಂಬರ್ಥದ ಮಾತು ಅದು.

ಹೋಲಿಕೆ ಆಕಾರ ಕೊಟ್ಟಿತು. ಅಳತೆಗೆ ಏನು ಮಾಡುತ್ತಿದ್ದರು? ಇದನ್ನು ನೀವು ಈಗಲೇ ಮಾಡಿ ನೋಡಬಹುದು. ಮಣಿಕಟ್ಟಿನ ಗೆರೆಯನ್ನು ಗಲ್ಲದ ತುದಿಗೆ ಇಟ್ಟು ಅಂಗೈಯನ್ನು ಮುಖದ ಮೇಲೆ ಚಾಚಿ. ನಡುಬೆರಳು ಹೆಚ್ಚು ಕಡಿಮೆ ಕೂದಲು ಶುರುವಾಗುವಲ್ಲಿಗೆ ಮುಟ್ಟುತ್ತದೆ. ಆ ಉದ್ದಕ್ಕೆ ತಾಲ ಅಂತ ಹೆಸರು. ಒಂದು ತಾಲಕ್ಕೆ 12 ಅಂಗುಲ. ಟೇಪಿನ ಇಂಚಲ್ಲ ಇದು, ಮೂರ್ತಿಯ ಮುಖವನ್ನೇ ಹನ್ನೆರಡು ಭಾಗ ಮಾಡಿದಾಗ ಸಿಗುವ ಅಂಗುಲ. ಹಾಗಾಗಿ ಮೂರ್ತಿ ಗೇಣುದ್ದವಿರಲಿ, ಗೊಮ್ಮಟನಷ್ಟಿರಲಿ, ಲೆಕ್ಕ ಒಂದೇ. ನವತಾಲದ ಮೂರ್ತಿಗೆ ಒಟ್ಟು 108 ಅಂಗುಲ. ಮುಖ 12, ಕತ್ತು 4, ಕತ್ತಿನಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಅಲ್ಲಿಂದ ತೊಡೆಸಂದಿಗೆ 12, ತೊಡೆ 24, ಮಂಡಿ 4, ಕಾಲು 24, ಪಾದ 4. ಕೂಡಿ ನೋಡಿ, ಸರಿಯಾಗಿ ಬರುತ್ತದೆ. ಮಕ್ಕಳ ಮೂರ್ತಿಗೆ ಐದು ತಾಲ ಸಾಕು ಅನ್ನುತ್ತದೆ ಶಾಸ್ತ್ರ. ಕೂಸಿನ ತಲೆ ಮೈಗಿಂತ ದೊಡ್ಡದಾಗಿ ಕಾಣುವುದನ್ನು ಯಾರೋ ತೊಟ್ಟಿಲ ಪಕ್ಕ ಕೂತು ಗಮನಿಸಿದ್ದಾರೆ. ಈಗಿನ ಚಿತ್ರಕಲಾ ಶಾಲೆಗಳಲ್ಲೂ ಇದನ್ನೇ ಹೇಳುತ್ತಾರೆ: ನೆತ್ತಿಯಿಂದ ಗಲ್ಲದವರೆಗಿನ ಅಳತೆಯಲ್ಲಿ ಬೆಳೆದವರು ಸುಮಾರು ಏಳೂವರೆ ತಲೆ ಎತ್ತರ, ಆಗ ತಾನೇ ಹುಟ್ಟಿದ ಮಗು ನಾಲ್ಕು ತಲೆ. ಎರಡು ಸಾವಿರ ವರ್ಷದ ಹಿಂದೆ ರೋಮಿನ ವಿಟ್ರೂವಿಯಸ್ ಕೂಡ ಮುಖದ ಉದ್ದ, ಅಂಗೈಯ ಉದ್ದ ಎರಡೂ ಒಂದೇ ಎಂದು ಬರೆದಿಟ್ಟಿದ್ದ. ಅವನ ಪ್ರಕಾರ ಅದು ಎತ್ತರದ ಹತ್ತರಲ್ಲಿ ಒಂದು ಪಾಲು.

ಇದನ್ನೆಲ್ಲ ಕಣ್ಣಾರೆ ನೋಡಲು ಕಲ್ಕತ್ತೆಗೆ ಹೋಗಬೇಕಾಗಿಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆ, ಕಿಬ್ಬನಹಳ್ಳಿ ಕ್ರಾಸಿಗೆ ಹತ್ತಿರದ ಊರು. ಅಲ್ಲಿ ಎರಡು ಹಳೆಯ ಗುಡಿಗಳಿವೆ. ಕಲ್ಲೇಶ್ವರ ಗುಡಿ ಗಂಗ, ನೊಳಂಬರ ಕಾಲದ್ದು, ಸಾವಿರ ವರ್ಷ ದಾಟಿದೆ. ತಲೆ ಎತ್ತಿದರೆ ಚಾವಣಿಯಲ್ಲಿ ಒಂಬತ್ತು ಚೌಕ. ನಡುವೆ ಕುಣಿಯುವ ಶಿವ, ಸುತ್ತ ತಮ್ಮ ತಮ್ಮ ವಾಹನಗಳ ಮೇಲೆ ಎಂಟು ದಿಕ್ಪಾಲಕರು. ನೊಳಂಬರ ಶಿಲ್ಪದಲ್ಲೇ ಇದು ಬಲು ದೊಡ್ಡ ಕೆಲಸ ಎನ್ನುತ್ತಾರೆ ಬಲ್ಲವರು. ಈ ಶಿವನ ಮೈಯಲ್ಲಿ ಗ್ರೀಕ್ ವಿಗ್ರಹದ ಹಾಗೆ ಸ್ನಾಯುಗಳ ಗಂಟು ಹುಡುಕಿದರೆ ಸಿಗುವುದಿಲ್ಲ. ಆದರೆ ಮಡಿಚಿದ ಮಂಡಿ, ತಿರುಗಿದ ಸೊಂಟ, ಅದಕ್ಕೆ ತಕ್ಕ ಹಾಗೆ ವಾಲಿದ ಎದೆ ನೋಡಿ. ಇಷ್ಟು ವಾಲಿದರೂ ಬೀಳುವವನ ಹಾಗೆ ಕಾಣುವುದಿಲ್ಲ. ಮೈಯ ಭಾರ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅನ್ನುವುದು ಗೊತ್ತಿಲ್ಲದವರಿಗೆ ಇದು ಸಾಧ್ಯವಾಗುವ ಕೆಲಸವಲ್ಲ.

ಭಾರದ ಲೆಕ್ಕಕ್ಕೆ ನಮ್ಮವರಿಗೆ ಒಂದು ದಾರವೇ ಸಾಕಾಗಿತ್ತು. ಗಾರೆಯವರು ಗೋಡೆ ನೆಟ್ಟಗಿದೆಯೇ ಅಂತ ಗುಂಡು ಕಟ್ಟಿದ ದಾರ ಇಳಿಬಿಡುತ್ತಾರಲ್ಲ, ಅದೇ. ನೆಟ್ಟಗೆ ನಿಂತ ಮೂರ್ತಿಯಲ್ಲಿ ಆ ದಾರ ನೆತ್ತಿ, ಮೂಗು, ಹೊಕ್ಕುಳು ಹಾದು ಎರಡು ಪಾದಗಳ ನಡುವೆ ಬೀಳುತ್ತದೆ. ಅದು ಸಮಭಂಗ. ತಲೆ, ಎದೆ, ಸೊಂಟ ಮೂರೂ ಒಂದೊಂದು ಕಡೆಗೆ ಬಾಗಿದರೆ ತ್ರಿಭಂಗ. ಇದೇನು ಶಿಲ್ಪಿಯ ಕಲ್ಪನೆಯಲ್ಲ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತರೆ ಆ ಕಡೆಯ ಸೊಂಟ ಮೇಲೇಳುತ್ತದೆ, ಆ ಕಡೆಯ ಭುಜ ಕೆಳಗಿಳಿಯುತ್ತದೆ. ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ಸಿಗೆ ಕಾಯುವ ತಾಯಿ ನಿಲ್ಲುವುದೇ ಹಾಗೆ. ಬೇಲೂರಿನ ಮದನಿಕೆಯರಿಗೆ ಎಷ್ಟು ಒಡವೆ ಹಾಕಿದರೂ ಒಳಗಿನ ನಿಲುವು ಅದೇ.

ಅರಳಗುಪ್ಪೆಯ ಇನ್ನೊಂದು ಗುಡಿ ಚೆನ್ನಕೇಶವನದು, 13ನೇ ಶತಮಾನದ ಹೊಯ್ಸಳರ ಕೆಲಸ. ಕೆತ್ತಿದವನು ಹೊನೋಜ ಅಂತ ಹೆಸರು ಸಿಗುತ್ತದೆ. ನಮ್ಮ ಕಡೆ ಒಳ್ಳೆಯ ಕೆತ್ತನೆ ಕಂಡ ಕೂಡಲೇ ‘ಜಕಣಾಚಾರಿ ಮಾಡಿದ್ದು’ ಅಂದುಬಿಡುವ ರೂಢಿ. ಕೈದಾಳದ ಕಪ್ಪೆಯ ಕತೆ ಚೆಂದವೇ, ಬೇಡ ಅನ್ನುವುದಿಲ್ಲ. ಆದರೆ ಆ ಕತೆಯ ಗದ್ದಲದಲ್ಲಿ ಕಲ್ಲಿನ ಮೇಲೆ ತಾವೇ ಹೆಸರು ಕೊರೆದುಕೊಂಡವರು ಮರೆಗೆ ಹೋದರು ಅನ್ನುವುದು ನಮ್ಮ ದೂರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ನಂದಿಯ ಬೈಚೋಜ, ಮಲ್ಲಿತಮ್ಮ, ನಮ್ಮ ಹೊನೋಜ, ಇವರೆಲ್ಲ ಇದ್ದ ಜನ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಿಂದ 1268ರ ಸೋಮನಾಥಪುರದವರೆಗೂ ಕಾಣಿಸುತ್ತದೆ. ಒಂದೇ ಜೀವ ಅಷ್ಟು ಕಾಲ ದುಡಿದಿದ್ದರೆ ಬಾಲ್ಯದಲ್ಲೇ ಉಳಿ ಹಿಡಿದಿರಬೇಕು. ತಿಪಟೂರಿನಿಂದ ಚನ್ನರಾಯಪಟ್ಟಣದ ದಾರಿಯಲ್ಲಿರುವ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯಲ್ಲಿ (1246) ದಕ್ಷಿಣದ ಗೋಡೆ ಬೈಚೋಜನದು, ಉತ್ತರದ ಗೋಡೆ ಮಲ್ಲಿತಮ್ಮನದು. ಎರಡೂ ಕಡೆ ನಿಧಾನ ಸುತ್ತಿ ಬರಿಯ ಕೈ ಕಾಲುಗಳನ್ನಷ್ಟೇ ನೋಡಿ. ಒಂದೇ ತಾಲದ ಲೆಕ್ಕ ಕಲಿತ ಇಬ್ಬರ ಕೈ ಎಷ್ಟು ಬೇರೆ ಅಂತ ತಿಳಿಯುತ್ತದೆ.

ಹೊಯ್ಸಳರ ಮೂರ್ತಿಗಳಲ್ಲಿ ಒಡವೆ ಮೈಯನ್ನು ಮುಚ್ಚಿಬಿಡುತ್ತದೆ. ಬಳಪದ ಕಲ್ಲು ಮೆತ್ತಗಿರುವುದರಿಂದ ಸಿಕ್ಕಲ್ಲೆಲ್ಲ ಮಣಿ, ಸರ, ಗೆಜ್ಜೆ ಕೊರೆದಿದ್ದಾರೆ. ಮೈಯ ಜ್ಞಾನ ನೋಡಬೇಕಾದರೆ ಒಡವೆ ಇಲ್ಲದ ಜಾಗ ಹುಡುಕಬೇಕು: ಹೊಕ್ಕುಳ ಸುತ್ತಲಿನ ಮಡಿಕೆ, ಮಂಡಿ, ಪಾದ. ಅದಕ್ಕಿಂತ ಸುಲಭದ ದಾರಿ ಅಂದರೆ ತುರುವೇಕೆರೆಗೆ ಹೋಗಿ ಗಂಗಾಧರೇಶ್ವರ ಗುಡಿಯ ನಂದಿಯನ್ನು ನೋಡುವುದು. ಹೊಳಪು ಕೊಟ್ಟ ಕಪ್ಪು ಕಲ್ಲಿನ ಬಸವ. ಮನುಷ್ಯನ ಮೈಯ ಬಗ್ಗೆ ಶಿಲ್ಪಿ ಹೇಳಿದ್ದು ಸರಿಯೋ ತಪ್ಪೋ ಅಂತ ನಮಗೆ ಅನುಮಾನ ಬರಬಹುದು, ಎತ್ತಿನ ವಿಷಯದಲ್ಲಿ ನಮ್ಮ ತಾಲ್ಲೂಕಿನವರನ್ನು ಏಮಾರಿಸಲಾಗದು. ಹಳ್ಳಿಕಾರ್ ಎತ್ತು ಸಾಕಿದವರನ್ನು ಕರೆದುಕೊಂಡು ಹೋಗಿ ಹಿಣಿಲು, ಗಂಗೆದೊಗಲು, ಮಡಿಚಿದ ಮುಂಗಾಲು ತೋರಿಸಿ ಅವರ ತೀರ್ಪು ಕೇಳಿ.

ಇನ್ನು ಯುರೋಪಿನವರ ದಾರಿ. 1543ರಲ್ಲಿ ವೆಸಾಲಿಯಸ್ ಎಂಬ ವೈದ್ಯ ಹೆಣ ಕೊಯ್ದು ಕಂಡದ್ದನ್ನು ದೊಡ್ಡ ಪುಸ್ತಕ ಮಾಡಿದ. ಅದು ಪ್ರಸಿದ್ಧವಾದದ್ದು ಬರಹಕ್ಕಿಂತ ಚಿತ್ರಗಳಿಂದ. ಇವತ್ತಿಗೂ ಡಾಕ್ಟರ್ ಓದುವವರ ಕೈಯಲ್ಲಿರುವ ಗ್ರೇಸ್ ಅನಾಟಮಿ 1858ರದು. ಬರೆದವರು ಹೆನ್ರಿ ಗ್ರೇ, ಚಿತ್ರ ಬಿಡಿಸಿದವರು ಹೆನ್ರಿ ವಾನ್‌ಡೈಕ್ ಕಾರ್ಟರ್ ಅನ್ನುವ ಯುವಕ, ಚಿತ್ರಕಾರನ ಮಗ. ಮೂಳೆಯ ಮೇಲೆಯೇ ಮೂಳೆಯ ಹೆಸರು ಬರೆದುಬಿಟ್ಟರೆ ಓದುವವನಿಗೆ ಸುಲಭ ಎಂದು ಹಾಗೇ ಮಾಡಿದ. ಗ್ರೇ ಮೂರೇ ವರ್ಷಕ್ಕೆ ಸಿಡುಬಿನಿಂದ ತೀರಿಕೊಂಡರೂ ಪುಸ್ತಕದ ಹೆಸರು ಅವರದೇ ಉಳಿಯಿತು. ಕಾರ್ಟರ್ ಅದೇ 1858ರಲ್ಲಿ ಬೊಂಬಾಯಿಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಾ, ಕುಷ್ಠರೋಗದಂಥ ಕಾಯಿಲೆಗಳ ಮೇಲೆ ಕೆಲಸ ಮಾಡುತ್ತಾ ಮೂವತ್ತು ವರ್ಷ ಇಲ್ಲೇ ಕಳೆದರು. ಹೆಣ ನೋಡಿ ಕಲಿಯುವುದು ನಮ್ಮಲ್ಲಿ ಇರಲೇ ಇಲ್ಲ ಅಂತಲೂ ಅಲ್ಲ. ಹೆಣವನ್ನು ಹುಲ್ಲಿನಲ್ಲಿ ಸುತ್ತಿ ಹರಿಯುವ ನೀರಿನಲ್ಲಿ ಏಳು ರಾತ್ರಿ ಬಿಟ್ಟು, ಆಮೇಲೆ ಪದರ ಪದರವಾಗಿ ಉಜ್ಜಿ ನೋಡುವ ಕ್ರಮವನ್ನು ಸುಶ್ರುತ ಸಂಹಿತೆ ಹೇಳುತ್ತದೆ. ಆದರೆ ಅದು ವೈದ್ಯನ ದಾರಿ. ಶಿಲ್ಪಿ ಬದುಕಿರುವ ಮೈಯನ್ನು, ಅದೂ ಹೊರಗಿನಿಂದ ನೋಡಿದ.

ಆ ನೋಟದ ಕೊರತೆಯನ್ನೂ ಹೇಳಬೇಕು. ಏಡಿಯ ಚಿಪ್ಪಿನ ಹೋಲಿಕೆ ಹಿಡಿದುಕೊಂಡು ಮಂಡಿನೋವಿಗೆ ಮದ್ದು ಕೊಡಲಾಗದು. ಶಾಸ್ತ್ರದ ಹೆಣ್ಣಿಗೆ ಯಾವಾಗಲೂ ಹದಿನಾರು ವರ್ಷ, ಸೊಂಟ ಹಿಡಿಯಷ್ಟು. ಮೂರು ಹೆತ್ತು ಕಳೆ ಕಿತ್ತವಳ ಮೈಗೆ ಅಲ್ಲಿ ಹೋಲಿಕೆಯೇ ಇಲ್ಲ. ಮರ ಹತ್ತಿ ಹತ್ತಿ ಅಗಲವಾದ ಪಾದ, ಕೂತು ಕಾಯಿ ಸುಲಿದು ಬಾಗಿದ ಬೆನ್ನು, ಇವು ಯಾವ ತಾಲಕ್ಕೂ ಸಿಗಲಿಲ್ಲ. ದುಡಿಯುವವರ ಮೈಯನ್ನು ಅಷ್ಟೇ ಪ್ರೀತಿಯಿಂದ ಗೆರೆಗೆ ಇಳಿಸಿದ್ದು ತೀರಾ ಈಚಿನವರು. ಉಡುಪಿ ಕಡೆಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಬೊಂಬಾಯಿಯ ಜೆ.ಜೆ. ಕಲಾಶಾಲೆಯಲ್ಲಿ ಯುರೋಪಿನ ಕ್ರಮವನ್ನೇ ಕಲಿತವರು. ಅದು ಸಾಲದು ಅನ್ನಿಸಿ, ಮೈಯ ಲಯ ತಿಳಿಯಲೆಂದು ತಾವೇ ಕಥಕ್ ನೃತ್ಯ ಕಲಿತರು. ಅವರ ರೇಖಾಚಿತ್ರಗಳಲ್ಲಿ ಒಂದೇ ಎಳೆಯ ಗೆರೆ ಮನುಷ್ಯನನ್ನು ಎಬ್ಬಿಸಿ ಕುಣಿಸುತ್ತದೆ.

ಈಗ ನಮಗೆ ಇದೆಲ್ಲ ಯಾಕೆ ಹತ್ತಿರ ಅನ್ನಿಸಿತು ಎಂಬ ಮಾತು. ನಮ್ಮ ಊರುಗಳಿಂದ ಪಿಯುಸಿ ಮುಗಿಸಿ ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಹೋಗುವ ಹುಡುಗಿಯರು, ಹುಡುಗರು ಇದ್ದಾರೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವರು. ಮೊದಲ ವರ್ಷ ಅವರನ್ನು ಅಳಿಸುವುದು ಅನಾಟಮಿ. ಪಟೆಲ್ಲಾ, ಟಿಬಿಯಾ, ಕ್ಲಾವಿಕಲ್, ಕಾಕ್ಸಿಕ್ಸ್ ಅಂತ ನೂರಾರು ಹೆಸರು, ರಾತ್ರಿಯೆಲ್ಲ ಬಾಯಿಪಾಠ. ‘ನಮ್ಮಂಥವರಿಗಲ್ಲ ಇದು’ ಅನ್ನುವ ಮಾತು ಅಲ್ಲಿಂದ ಶುರುವಾಗುತ್ತದೆ.

ಆ ಹೆಸರುಗಳನ್ನು ಒಡೆದು ನೋಡಿದರೆ ನಗು ಬರುತ್ತದೆ. ಪಟೆಲ್ಲಾ ಅಂದರೆ ಲ್ಯಾಟಿನ್ನಿನಲ್ಲಿ ಚಿಕ್ಕ ತಟ್ಟೆ. ಟಿಬಿಯಾ ಅಂದರೆ ಕೊಳಲು. ಕ್ಲಾವಿಕಲ್ ಅಂದರೆ ಪುಟ್ಟ ಬೀಗದಕೈ. ಬೆನ್ನಿನ ತುದಿಮೂಳೆ ಕಾಕ್ಸಿಕ್ಸ್ ಗ್ರೀಕರ ಕೋಗಿಲೆ, ಅದರ ಕೊಕ್ಕಿನ ಆಕಾರಕ್ಕೆ. ಕಿವಿಯೊಳಗಿನ ಕಾಕ್ಲಿಯಾ ಬಸವನಹುಳು. ಗಂಟಲಲ್ಲಿ ನೇತಾಡುವ ಯುವುಲಾ ಪುಟ್ಟ ದ್ರಾಕ್ಷಿ, ನಮಗೆ ಅದು ಕಿರುನಾಲಿಗೆ. ಮಸಲ್ ಎಂಬ ಪದವೇ ಪುಟ್ಟ ಇಲಿ ಎಂಬುದರಿಂದ ಬಂದದ್ದು, ತೋಳು ಮಡಿಚಿದಾಗ ಚರ್ಮದ ಕೆಳಗೆ ಇಲಿ ಓಡಿದ ಹಾಗೆ ಕಾಣುತ್ತದೆಂದು. ಅವರ ಅಡಿಗೆಮನೆ, ಅವರ ತೋಟ, ಅವರ ಹಕ್ಕಿಗಳು ಅಷ್ಟೇ. ನಮ್ಮ ಮಂಡಿಚಿಪ್ಪು ತೆಂಗಿನ ಚಿಪ್ಪಿನ ಮನೆಯದು. ಬೆನ್ನುಹುರಿಯ ಹುರಿಯನ್ನು ನಾರು ಹೊಸೆಯುವವರು ದಿನಾ ಮಾಡುತ್ತಾರೆ. ಎದೆಗೂಡು, ತಲೆಬುರುಡೆ, ಕಣ್ಣುಗುಡ್ಡೆ, ಮೀನಖಂಡ ಎಲ್ಲವೂ ಅದೇ ಕೈಕೆಲಸ, ಬೇರೆ ಊರು.

ಹಾಗಾಗಿ ಅನಾಟಮಿ ಓದುತ್ತಿರುವ ತಂಗಿ, ತಮ್ಮಂದಿರಿಗೆ ನಮ್ಮದೊಂದು ಮಾತು. ಹೆಸರು ಉರು ಹೊಡೆಯುವ ಮುಂಚೆ ಆ ಭಾಗವನ್ನು ಒಂದು ಸಲ ಬಿಡಿಸಿ. ಚೆನ್ನಾಗಿ ಬರಬೇಕಾಗಿಲ್ಲ. ಬಿಡಿಸಲು ಹೊರಟಾಗ ಮಾತ್ರ ‘ಇದು ಎಲ್ಲಿಂದ ಶುರುವಾಗಿ ಎಲ್ಲಿಗೆ ಸೇರುತ್ತದೆ’ ಎಂಬ ಪ್ರಶ್ನೆ ಏಳುತ್ತದೆ, ಓದುವಾಗ ಏಳುವುದಿಲ್ಲ. ಮೊದಲು ನಿಮ್ಮ ಎಡಗೈಯನ್ನೇ ಬಿಡಿಸಿ, ಅದು ಬಿಟ್ಟು ಓಡಿಹೋಗುವುದಿಲ್ಲ. ಬೆರಳಿನ ಉದ್ದವನ್ನು ಅಂಗೈಯ ಉದ್ದದ ಜೊತೆ ಹೋಲಿಸಿ. ಗೆಣ್ಣುಗಳನ್ನು ಗುರುತು ಮಾಡಿ, ಅವು ಒಂದೇ ಸಾಲಿನಲ್ಲಿ ಇಲ್ಲ, ಕಮಾನಿನ ಹಾಗಿವೆ. ಆಮೇಲೆ ಪುಸ್ತಕದ ಮೂಳೆಯ ಚಿತ್ರ ಪಕ್ಕಕ್ಕಿಟ್ಟುಕೊಳ್ಳಿ. ನಮ್ಮ ಕಡೆ ಎಷ್ಟೋ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮೇಷ್ಟ್ರೇ ಇಲ್ಲ, ಇದ್ದ ಪೀರಿಯಡ್ಡೂ ಬೇರೆ ಪಾಠಕ್ಕೆ ಹೋಗುತ್ತದೆ. ಹೃದಯದ ಚಿತ್ರವನ್ನು ಪರೀಕ್ಷೆಯ ಅಂಕಕ್ಕೆ ಅಂತ ಒಂದೇ ಥರ ಬರೆದು ಬರೆದು ಸಾಕಾಗಿರುವ ಮಕ್ಕಳಿಗೆ, ಎದುರಿಗೆ ಕೂತ ಅಜ್ಜಿಯ ಕೈ ಬಿಡಿಸಿ ಎಂದು ಯಾರೂ ಹೇಳುವುದಿಲ್ಲ.

ಅರಳಗುಪ್ಪೆಗೆ ಹೋಗುವುದಾದರೆ ಕಾಗದ, ಪೆನ್ಸಿಲ್ ಒಯ್ಯಿರಿ. ಕಲ್ಲೇಶ್ವರ ಗುಡಿಯೊಳಗೆ ಬೆಳಕು ಕಡಿಮೆ. ಫೋನಿನ ಟಾರ್ಚ್ ಹಾಕುವಾಗ ಶಿವನಿಗೆ ನೇರ ಹಿಡಿಯಬೇಡಿ, ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ಜೊತೆಗೆ ಬಂದವರನ್ನು ಒಂದು ಪಕ್ಕಕ್ಕೆ ನಿಲ್ಲಿಸಿ ಓರೆಯಾಗಿ ಬೆಳಕು ಬಿಡಿಸಿ. ಮಂಡಿ, ಹೊಟ್ಟೆ, ಮೀನಖಂಡ ಒಂದೊಂದಾಗಿ ಎದ್ದು ಬರುತ್ತವೆ.